ಜಗಳ ಹೆಣ್ಣಿನ ಬಗ್ಗೆ, ಕುರ್ಚಿಯಲ್ಲಿ ಗಂಡಸರು ಮಾತ್ರ

ಸಂಪಾದಕರಿಗೆ ನಮಸ್ಕಾರ.

ಕೆಲವು ವಾರಗಳಿಂದ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಂದು ಜಗಳ ನಡೆಯುತ್ತಿದೆ. ನಮ್ಮ ಧರ್ಮದಲ್ಲಿ ಹೆಣ್ಣು ಅಂದರೆ ದೇವಿ, ಅವರಲ್ಲಿ ನೋಡಿ ಹೇಗಿದೆ ಎಂದು ಒಬ್ಬರು ಬರೆದರು. ಹೆಣ್ಣಿಗೆ ಆಸ್ತಿಯಲ್ಲಿ ಪಾಲು ಅಂತ ನಮ್ಮಲ್ಲಿ ಏಳನೇ ಶತಮಾನದಲ್ಲೇ ಹೇಳಿದ್ದರು, ನೀವು ಯಾವಾಗ ಕೊಟ್ಟಿರಿ ಎಂದು ಇನ್ನೊಬ್ಬರು ಕೇಳಿದರು. ಮೂರನೆಯವರು ಬಂದು, ಈ ಇಬ್ಬರಿಗಿಂತ ಮೊದಲು ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದೇ ನಮ್ಮ ಮಿಷನ್‌ನವರು ಅಂದರು. ಮೂರೂ ಪತ್ರಗಳ ಕೆಳಗೆ ಇದ್ದಿದ್ದು ಗಂಡಸರ ಹೆಸರು. ಈ ಜಗಳ ಯಾರ ಬಗ್ಗೆಯೋ ಅವರಲ್ಲಿ ಒಬ್ಬಳೂ ಬರೆದಿಲ್ಲವಲ್ಲ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದ ಆದರೆ ಕತ್ತರಿ ಹಾಕಿ, ಆದರೆ ನಮ್ಮವರನ್ನು ಬೈದ ಭಾಗ ತೆಗೆದು ಅವರನ್ನು ಬೈದ ಭಾಗ ಮಾತ್ರ ಉಳಿಸಬೇಡಿ.

ಮೊದಲೇ ಹೇಳಿಬಿಡುತ್ತೇನೆ, ನಾನು ನಾಸ್ತಿಕಳಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುತ್ತೇನೆ, ತೀರ್ಥ ತಂದು ಮನೆಯಲ್ಲಿ ಇಡುತ್ತೇನೆ. ನನ್ನ ಸಿಟ್ಟು ದೇವರ ಮೇಲಲ್ಲ, ದೇವರ ಹೆಸರಲ್ಲಿ ನಮ್ಮ ಸೀರೆ, ನಮ್ಮ ತಲೆಗೂದಲು, ನಮ್ಮ ತಿಂಗಳ ಮುಟ್ಟು, ನಾವು ಯಾರನ್ನು ಮದುವೆಯಾಗುತ್ತೇವೆ ಎಂಬುದನ್ನೆಲ್ಲ ಲೆಕ್ಕ ಇಡಲು ಹೊರಟವರ ಮೇಲೆ. ಇವರು ಎಲ್ಲಾ ಕಡೆ ಇದ್ದಾರೆ. ಒಬ್ಬರ ಮುಖ ಒಬ್ಬರಿಗೆ ಆಗುವುದಿಲ್ಲ, ಆದರೆ ಹೆಣ್ಣಿನ ವಿಷಯ ಬಂದರೆ ಮಾತು ಒಂದೇ. ತೋಟಕ್ಕೆ ತಂತಿ ಬೇಲಿ ಕಟ್ಟುವಾಗ ಗೂಟ ಹುಡುಕುವ ಕಷ್ಟ ಬೇಡ ಅಂತ ಜೀವ ಇರುವ ಮರಕ್ಕೇ ಮೊಳೆ ಹೊಡೆಯುತ್ತಾರಲ್ಲ, ಹಾಗೆ ಪ್ರತಿ ಧರ್ಮದವರೂ ತಮ್ಮ ಗಡಿ ಗುರುತಿಗೆ ಹೆಣ್ಣನ್ನು ನಿಲ್ಲಿಸಿಕೊಂಡಿದ್ದಾರೆ.

1986ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ಒಂದು ವರ್ಷ ನೋಡಿದರೆ ಸಾಕು.

ಇಂದೋರಿನ ಶಾ ಬಾನೋ ಎಂಬ ಹೆಂಗಸಿನ ಹೆಸರು ನಿಮಗೆಲ್ಲ ಗೊತ್ತಿದೆ. ನಲವತ್ತಕ್ಕೂ ಹೆಚ್ಚು ವರ್ಷ ಸಂಸಾರ ಮಾಡಿದ ಮೇಲೆ ಗಂಡ ಮನೆಯಿಂದ ಹೊರಗೆ ಹಾಕಿದ. ಅವನು ವಕೀಲ. ಆಕೆ 1978ರಲ್ಲಿ ಜೀವನಾಂಶ ಕೇಳಿ ಕೋರ್ಟಿಗೆ ಹೋದಾಗ ವಯಸ್ಸು ಅರವತ್ತೆರಡು. ಕೇಸ್ ನಡೆಯುತ್ತಿರುವಾಗಲೇ ತಲಾಖ್ ಹೇಳಿ, ಇನ್ನು ನನ್ನ ಜವಾಬ್ದಾರಿ ಮುಗಿಯಿತು ಅಂದ. ಕೆಳಗಿನ ಕೋರ್ಟು ತಿಂಗಳಿಗೆ 25 ರೂಪಾಯಿ ಅಂದಿತು, ಹೈಕೋರ್ಟು 179 ರೂಪಾಯಿ 20 ಪೈಸೆ ಮಾಡಿತು. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇಷ್ಟೇ ವಿಷಯ. ಈ ನೂರೆಪ್ಪತ್ತೊಂಬತ್ತು ರೂಪಾಯಿಗೆ ಧರ್ಮ ಅಪಾಯದಲ್ಲಿದೆ ಎಂದು ಬೀದಿಗೆ ಇಳಿದರು. ಕೊನೆಗೆ ಆ ಮುದುಕಿಯ ಬಾಯಿಂದಲೇ ನನಗೆ ಆ ತೀರ್ಪು ಬೇಡ ಎಂದು ಹೇಳಿಸಿದರು. ಗೆದ್ದ ಕೇಸನ್ನು ಬೇಡ ಅನ್ನಬೇಕಾದರೆ ಮನೆಯಲ್ಲಿ, ಕೇರಿಯಲ್ಲಿ ಏನೇನು ನಡೆದಿರಬೇಕು, ಹೆಂಗಸರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1986ರಲ್ಲಿ ಸರ್ಕಾರ ಆ ತೀರ್ಪನ್ನು ದುರ್ಬಲ ಮಾಡುವ ಕಾನೂನು ತಂದಿತು. ಅದೇ ವರ್ಷದ ಫೆಬ್ರವರಿ 1ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯ ಬೀಗವನ್ನು ಹಿಂದೂಗಳ ಪೂಜೆಗೆ ತೆಗೆದರು. ಈ ಕಡೆಯವರಿಗೊಂದು, ಆ ಕಡೆಯವರಿಗೊಂದು ಎಂದು ಲೆಕ್ಕ ಹಾಕಿಯೇ ಮಾಡಿದ್ದು ಅಂತ ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ಅಲ್ಲ ಅನ್ನುವವರೂ ಇದ್ದಾರೆ. ಏನೇ ಇರಲಿ, ಎರಡು ಕಡೆಯ ಗಂಡಸರಿಗೂ ಏನೋ ಒಂದು ಸಿಕ್ಕಿತು, ಶಾ ಬಾನೋಗೆ ಏನು ಸಿಕ್ಕಿತು?

ಅದೇ ಫೆಬ್ರವರಿಯಲ್ಲಿ ಕೇರಳದ ಮೇರಿ ರಾಯ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ತಿರುವಾಂಕೂರಿನಲ್ಲಿ 1916ರ ಒಂದು ಕಾನೂನು ಇತ್ತು. ಅಪ್ಪ ವಿಲ್ ಬರೆಯದೆ ತೀರಿಕೊಂಡರೆ ಸಿರಿಯನ್ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದು. ಕಮ್ಮಿಯೋ ಅದು! ಯಾರು ಕೂತು ಬರೆದರೋ ಆ ಸಾಲನ್ನು. ಅದು ಇನ್ನು ನಡೆಯುವುದಿಲ್ಲ ಎಂದು ಕೋರ್ಟು ಹೇಳಿದಾಗ, ಕುಟುಂಬಗಳು ಒಡೆಯುತ್ತವೆ ಎಂದು ಚರ್ಚುಗಳ ಒಳಗಿನಿಂದಲೇ ವಿರೋಧ ಬಂತು. ನಮ್ಮ ಕೊಡಗು ಜಿಲ್ಲೆಯಲ್ಲೂ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಬೇಕಾದಷ್ಟಿವೆ. ಅಲ್ಲಿನ ನನ್ನ ವಯಸ್ಸಿನ ಹೆಂಗಸರನ್ನು ಕೇಳಿ ನೋಡಿ, ತವರಿನ ಪಾಲು ಎಷ್ಟು ಜನಕ್ಕೆ ಬಂತು ಅಂತ.

ಸರಿ, ಅವರಿಬ್ಬರ ಮನೆ ಹಾಗೆ, ನಮ್ಮ ಮನೆ? ಹಿಂದೂ ಹೆಣ್ಣುಮಕ್ಕಳಿಗೆ ವಿಚ್ಛೇದನ, ಆಸ್ತಿ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್‌ಗೆ ಸಂಪ್ರದಾಯವಾದಿಗಳು ಎಷ್ಟು ಅಡ್ಡ ಹಾಕಿದರು ಅಂದರೆ ಅಂಬೇಡ್ಕರ್ 1951ರಲ್ಲಿ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮುಂದೆ ಅದನ್ನೇ ತುಂಡು ತುಂಡು ಮಾಡಿ 1955, 1956ರಲ್ಲಿ ಪಾಸು ಮಾಡಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಾಗೇ ಮಗಳಿಗೂ ಹುಟ್ಟಿನಿಂದ ಪಾಲು ಅಂತ ದೇಶಕ್ಕೆಲ್ಲ ಆಗಿದ್ದು 2005ರಲ್ಲಿ. ಆದಮೇಲೆ? ತೋಟ ಪಾಲಾಗುವ ದಿನ ಅಕ್ಕ ತಂಗಿಯರನ್ನು ಕರೆಸಿ, ಕೋಳಿ ಸಾರು ಮಾಡಿ ಹಾಕಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಎಷ್ಟು ಮಾಮೂಲು ಎಂದು ಉಪನೋಂದಣಿ ಕಚೇರಿಯ ಜಗಲಿಯಲ್ಲಿ ಒಂದು ದಿನ ಕೂತರೆ ಗೊತ್ತಾಗುತ್ತದೆ. ಹೆಣ್ಣು ದೇವಿ ಎಂದು ಬರೆದವರು ತಮ್ಮ ತಂಗಿಗೆ ಎಷ್ಟು ಎಕರೆ ಕೊಟ್ಟರು ಅಂತ ಇನ್ನೊಂದು ಪತ್ರ ಬರೆಯಲಿ, ನಾನು ಓದುತ್ತೇನೆ.

ಇನ್ನು ಕಾವೇರಿಯ ಕಥೆ. ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಎಂಬ ಷರತ್ತು ಹಾಕಿ ಅಗಸ್ತ್ಯರನ್ನು ಮದುವೆಯಾದವಳು ಆಕೆ. ಅವರು ಕಮಂಡಲದಲ್ಲಿ ಇಟ್ಟು ಸ್ನಾನಕ್ಕೆ ಹೋದರು, ಇವಳು ಹರಿದು ಹೊರಟೇಬಿಟ್ಟಳು. ತಡೆಯಲು ಬಲಮುರಿಯಲ್ಲಿ ನಿಂತವರ ಸೀರೆ ನೆರಿಗೆ ನೀರಿನ ರಭಸಕ್ಕೆ ಹಿಂದಕ್ಕೆ ಹೋಯಿತಂತೆ, ಅದಕ್ಕೇ ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಹಿಂದೆ ಸಿಕ್ಕಿಸುತ್ತಾರೆ. ಮಾತು ತಪ್ಪಿದ ಗಂಡನನ್ನು ಬಿಟ್ಟು ಹೊರಟವಳಿಗೆ ಕೈಮುಗಿಯುವ ಊರು ನಮ್ಮದು. ಅದೇ ಊರಲ್ಲಿ ಗಂಡನ ಮನೆಯಿಂದ ತಿರುಗಿ ಬಂದ ಹುಡುಗಿಯನ್ನು ಮದುವೆ ಮನೆಯಲ್ಲಿ ಹಿಂದಿನ ಸಾಲಲ್ಲಿ ಕೂರಿಸುತ್ತೇವೆ. ವಿಚಿತ್ರ ಅಲ್ವಾ?

ಕೊಡವ ಮನೆಗಳ ಪದ್ಧತಿ ಬಗ್ಗೆಯೂ ಹೇಳಬೇಕು. (ನಾವು ಕೊಡವರಲ್ಲ, ಅರೆಭಾಷೆಯವರು, ಪಕ್ಕದ ಮನೆಯ ವಿಷಯ ಎಂದು ತಿಳಿದುಕೊಂಡರೂ ತಪ್ಪಿಲ್ಲ.) ಹಳೆಯ ಕ್ರಮದ ಮದುವೆಗೆ ಪುರೋಹಿತ ಬೇಡ, ಹೋಮ ಬೇಡ. ದೀಪ ಇದೆ, ಹಿರಿಯರಿದ್ದಾರೆ, ಅಕ್ಕಿ ಹಾಕಿ ಹರಸಿದರೆ ಆಯಿತು. ವಿಧವೆ ಮತ್ತೆ ಮದುವೆಯಾಗುವುದೂ ಅಲ್ಲಿ ಹಳೆಯ ರೂಢಿ. ಬೇರೆ ಎಷ್ಟೋ ಕಡೆ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲೂ ಇಲ್ಲಿ ಹಾಗಿರಲಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡಗಿಗೆ ಬಂದು ಇಲ್ಲಿನ ಆಚರಣೆಗಳನ್ನು ನೋಡಿ ಸಂಸ್ಕೃತೀಕರಣ ಎಂಬ ವಿಚಾರ ಮಂಡಿಸಿದ್ದು ಪಾಠದಲ್ಲೇ ಬರುತ್ತದೆ. ಮೇಲಿನ ಜಾತಿಯವರ ರೀತಿ ರಿವಾಜು ಹಿಡಿದು ಮೇಲೆ ಹತ್ತಲು ಹೋಗುವುದು. ಹತ್ತುವಾಗ ಗಂಡಸರಿಗೆ ಮರ್ಯಾದೆ ಜಾಸ್ತಿ ಆಗುತ್ತದೆ, ಹೆಂಗಸರಿಗೆ ನಿಯಮ ಜಾಸ್ತಿ ಆಗುತ್ತದೆ. ಈಗ ಎಲ್ಲರಿಗೂ ಹೊಸ ಹೊಸ ಸಂಪ್ರದಾಯ ಬೇಕು. ಅಜ್ಜಿಯ ಕಾಲದಲ್ಲಿ ಇಲ್ಲದ ಮಡಿ ಮೊಮ್ಮಗಳ ಕಾಲಕ್ಕೆ ಬಂದಿದೆ, ಕೇಳಿದರೆ ಮೊದಲಿಂದಲೂ ಹೀಗೇ ಅನ್ನುತ್ತಾರೆ. ನಮ್ಮ ಊರಿನ ಮುಸ್ಲಿಂ ಮನೆಗಳಲ್ಲೂ ಇದೇ ಕಥೆ. ಹಳಬರು ತಲೆ ಮೇಲೆ ಒಂದು ತಟ್ಟ, ಅಂದರೆ ತಲೆವಸ್ತ್ರ, ಹಾಕಿಕೊಂಡು ಗದ್ದೆ ನಾಟಿಗೆ ಇಳಿಯುತ್ತಿದ್ದರು, ಈಗಿನ ಹುಡುಗಿಯರಿಗೆ ಅದು ಸಾಲದು ಎಂದು ಹೇಳುವವರು ಮೊಬೈಲಿನಲ್ಲಿ ಬರುತ್ತಾರೆ. ಮತಾಂಧರು ಹಳೆಯದನ್ನು ಕಾಪಾಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳೆಯದು ಇವರು ಹೇಳಿದಷ್ಟು ಬಿಗಿಯಾಗಿರಲೇ ಇಲ್ಲ.

ಶಬರಿಮಲೆ ವಿಷಯ ಬರೆಯದಿದ್ದರೆ ಹೆದರಿಕೊಂಡಳು ಅನ್ನುತ್ತೀರಿ. 2018ರ ಸೆಪ್ಟೆಂಬರ್ 28ರಂದು ನಾಲ್ಕು ನ್ಯಾಯಮೂರ್ತಿಗಳು ಎಲ್ಲಾ ವಯಸ್ಸಿನ ಹೆಂಗಸರೂ ಹೋಗಬಹುದು ಅಂದರು. ಒಪ್ಪದ ಒಬ್ಬರು ಆ ಪೀಠದಲ್ಲಿದ್ದ ಒಬ್ಬರೇ ಮಹಿಳೆ, ಇಂದು ಮಲ್ಹೋತ್ರಾ. 2019ರ ನವೆಂಬರ್‌ನಲ್ಲಿ ಮರುಪರಿಶೀಲನೆಯ ಪ್ರಶ್ನೆ ದೊಡ್ಡ ಪೀಠದ ಕಡೆಗೆ ಹೋಯಿತು. ನಮ್ಮ ಜಿಲ್ಲೆಯಿಂದ ಪ್ರತಿ ವರ್ಷ ಎಷ್ಟೋ ಜನ ಮಾಲೆ ಹಾಕುತ್ತಾರೆ, ನಮ್ಮ ಮನೆಯವರೂ ಹಾಕಿದ್ದಾರೆ. ನಲವತ್ತೊಂದು ದಿನದ ವ್ರತ ಅವರದ್ದು ಅನ್ನುತ್ತಾರೆ. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡಿ, ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿ, ಮುಟ್ಟಾದ ಮೂರು ದಿನ ತಂಗಿಯ ಮನೆಯಲ್ಲೋ ಹಿಂದಿನ ಕೊಟ್ಟಿಗೆ ಕೋಣೆಯಲ್ಲೋ ಇರುವವಳ ವ್ರತಕ್ಕೆ ಹೆಸರೇ ಇಲ್ಲ. ಆ ತೀರ್ಪಿಗೆ ಒಂದು ತಿಂಗಳ ಹಿಂದೆ, ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಲ್ಲಾ ಜಾತಿ, ಎಲ್ಲಾ ಧರ್ಮದವರು ಪರಿಹಾರ ಕೇಂದ್ರದಲ್ಲಿ ಒಟ್ಟಿಗೆ ಮಲಗಿದೆವು. ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸುವವರಲ್ಲಿ ಯಾರು ಮುಟ್ಟಾಗಿದ್ದಾರೆ ಎಂದು ಒಬ್ಬ ಗಂಡಸೂ ಕೇಳಲಿಲ್ಲ. ಹಸಿವಾಗಿತ್ತು.

ಆದರೆ ಇಲ್ಲಿ ಒಂದು ಕಷ್ಟದ ಮಾತಿದೆ. ಆ ತೀರ್ಪಿನ ವಿರುದ್ಧ ಬೀದಿಗೆ ಬಂದವರಲ್ಲಿ ಹೆಂಗಸರು ಬಹಳ. ನನ್ನ ನಾದಿನಿಯೇ ಹೇಳುತ್ತಾಳೆ, ನಮಗೆ ಈಗಲೇ ಹೋಗುವುದು ಬೇಡ, ವಯಸ್ಸಾಗುವವರೆಗೆ ಕಾಯುತ್ತೇವೆ ಅಂತ. ಅವಳನ್ನು ದಡ್ಡಿ ಅನ್ನಲು ನನಗೆ ಮನಸ್ಸಿಲ್ಲ. ಯಾಕೆಂದರೆ ಮನೆಯಲ್ಲಿ ಅವಳ ಮಾತು ನಡೆಯುವುದು ಈ ಮಡಿ, ವ್ರತ, ಪೂಜೆಯ ವಿಷಯದಲ್ಲಿ ಮಾತ್ರ. ತೋಟಕ್ಕೆ ಯಾವ ಗೊಬ್ಬರ, ಮೆಣಸು ಯಾವಾಗ ಮಾರುವುದು, ಬ್ಯಾಂಕಿನ ಸಾಲ ಎಷ್ಟು, ಇವು ಯಾವುದಕ್ಕೂ ಅವಳನ್ನು ಕೇಳುವುದಿಲ್ಲ. ಇರುವ ಒಂದೇ ಅಧಿಕಾರವನ್ನೂ ಬಿಟ್ಟುಕೊಡು ಅಂದರೆ ಯಾರು ಕೊಡುತ್ತಾರೆ? ಸೊಸೆಗೆ ಬುರ್ಖಾ ಹಾಕು ಎಂದು ಒತ್ತಾಯ ಮಾಡುವ ಅತ್ತೆಯೂ ಅಷ್ಟೇ, ಮಗಳು ಬೇರೆ ಧರ್ಮದವನನ್ನು ಮೆಚ್ಚಿದಳೆಂದು ಊಟ ಬಿಟ್ಟು ಮಲಗುವ ತಾಯಿಯೂ ಅಷ್ಟೇ. ಹೆಂಗಸರೇ ಹೆಂಗಸರಿಗೆ ಶತ್ರು ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಗಂಡಸರಿಗೆ ಆ ಮಾತು ಬಹಳ ಇಷ್ಟ.

ಓದಿದರೆ ಇದೆಲ್ಲ ಹೋಗುತ್ತದೆ ಅನ್ನುವುದನ್ನೂ ನಾನು ನಂಬುವುದಿಲ್ಲ. ಶಾ ಬಾನೋಳ ಗಂಡ ವಕೀಲ ಎಂದೆನಲ್ಲ. ಇನ್ನು ನಮ್ಮ ಬೆಳಗಾವಿಯ ಹುಡುಗಿ ಸವಿತಾ ಹಾಲಪ್ಪನವರ್. ದಂತವೈದ್ಯೆ, ವಯಸ್ಸು ಮೂವತ್ತೊಂದು, ಐರ್ಲೆಂಡಿನ ಗಾಲ್ವೆಯಲ್ಲಿದ್ದರು. ಹದಿನೇಳು ವಾರದ ಬಸುರಿಗೆ ಗರ್ಭಪಾತ ಆಗುತ್ತಿತ್ತು, ಮಗು ಉಳಿಯುವುದಿಲ್ಲ ಎಂದು ಡಾಕ್ಟರುಗಳೇ ಹೇಳಿದ್ದರು. ಹಾಗಾದರೆ ತೆಗೆದುಬಿಡಿ ಎಂದು ಗಂಡ ಹೆಂಡತಿ ಬೇಡಿಕೊಂಡರು. ಮಗುವಿನ ಎದೆಬಡಿತ ಇನ್ನೂ ಇದೆ, ಇಲ್ಲಿನ ಕಾನೂನು ಬಿಡುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಎಂದು ಒಬ್ಬ ಸಿಬ್ಬಂದಿ ಹೇಳಿದ್ದೂ ವಿಚಾರಣೆಯಲ್ಲಿ ಬಂತು. ರಕ್ತಕ್ಕೆ ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಸುತ್ತ ಇದ್ದವರೆಲ್ಲ ಓದಿದವರು, ಒಳ್ಳೆಯ ಆಸ್ಪತ್ರೆ, ಯುರೋಪು. ಆ ಹುಡುಗಿ ಆ ಧರ್ಮದವಳೂ ಅಲ್ಲ. 2018ರ ಮೇ ತಿಂಗಳಲ್ಲಿ ಐರ್ಲೆಂಡಿನ ಜನ ಮತ ಹಾಕಿ ಆ ನಿಯಮವನ್ನು ಕಿತ್ತು ಹಾಕಿದರು, ಶೇಕಡಾ 66 ಜನ ಬದಲಾವಣೆ ಬೇಕು ಅಂದರು. ಬೆಳಗಾವಿಯಲ್ಲಿ ಕೂತು ಆಕೆಯ ತಂದೆಯೂ, ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಅಲ್ಲಿನವರಿಗೆ ಕೇಳಿಕೊಂಡಿದ್ದರು.

ಪಾರ್ಸಿಗಳಲ್ಲೂ ಇದೆ. ಹೊರಗಿನವನನ್ನು ಮದುವೆಯಾದ ಗುಲ್‌ರುಖ್ ಗುಪ್ತಾ ತನ್ನ ತಂದೆ ತಾಯಿಯ ಅಂತ್ಯಕ್ರಿಯೆಯಲ್ಲಿ ಭಾಗವಹಿಸುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಹೊರಗೆ ಮದುವೆಯಾದ ಮಗನಿಗೆ ಈ ತಕರಾರು ಇಲ್ಲ. ಇದನ್ನು ಓದುವಾಗ ಕೊಡಗಿನ ಯಾವ ಮನೆಯೂ ನೆನಪಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. 2022ರಲ್ಲಿ ಇರಾನಿನಲ್ಲಿ ತಲೆವಸ್ತ್ರ ಸರಿ ಇಲ್ಲ ಎಂದು ಪೊಲೀಸರು ಹಿಡಿದೊಯ್ದ ಮಹ್ಸಾ ಅಮಿನಿ ಸತ್ತಳು, ಅದೇ ವರ್ಷ ನಮ್ಮ ರಾಜ್ಯದಲ್ಲಿ ತಲೆವಸ್ತ್ರ ಹಾಕಿದ್ದಕ್ಕೆ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರು. ಇದರ ಬಗ್ಗೆ ಎಲ್ಲರೂ ಬರೆದು ಆಗಿದೆ, ನಾನು ಮತ್ತೆ ಬರೆಯುವುದಿಲ್ಲ. ಎರಡೂ ಕಡೆ ಹಾಳಾಗಿದ್ದು ಹುಡುಗಿಯರ ಬದುಕು ಎಂಬುದಷ್ಟೇ ನನ್ನ ಮಾತು.

ಈ ರೋಗ ಹೊಸದಲ್ಲ. ನಮ್ಮ ಕೊನೆಯ ರಾಜ ಚಿಕ್ಕವೀರರಾಜೇಂದ್ರ 1834ರಲ್ಲಿ ಪಟ್ಟ ಕಳೆದುಕೊಂಡು ಕಾಶಿಗೆ ಹೋದ. ಮಗಳು ಗೌರಮ್ಮ ಅಲ್ಲಿ ಹುಟ್ಟಿದಳು. ಈಸ್ಟ್ ಇಂಡಿಯಾ ಕಂಪನಿಯಿಂದ ತನ್ನ ಹಣ ವಾಪಸು ಪಡೆಯಬೇಕು ಎಂದು ರಾಜ 1852ರಲ್ಲಿ ಅವಳನ್ನು ಲಂಡನ್ನಿಗೆ ಕರೆದೊಯ್ದ. ಹನ್ನೊಂದು ವರ್ಷದ ಮಗುವಿಗೆ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿ ಧರ್ಮತಾಯಿ, ತನ್ನ ಹೆಸರನ್ನೇ ಕೊಟ್ಟಳು. ಅಪ್ಪನಿಗೆ ಅದು ಹಣದ ಲೆಕ್ಕ, ರಾಣಿಗೆ ಧರ್ಮದ ಲೆಕ್ಕ. ಮತಾಂತರವಾಗಿದ್ದ ಪಂಜಾಬಿನ ದುಲೀಪ್ ಸಿಂಗ್‌ಗೆ ಇವಳನ್ನು ಕೊಡಬೇಕು, ಇಬ್ಬರೂ ಮಾದರಿ ಆಗುತ್ತಾರೆ ಎಂದು ರಾಣಿಗೆ ಆಸೆ ಇತ್ತು, ಆಗಲಿಲ್ಲ. ಕೊನೆಗೆ ತನಗಿಂತ ಬಹಳ ದೊಡ್ಡವನಾದ ಒಬ್ಬ ಕರ್ನಲ್‌ನನ್ನು ಮದುವೆಯಾಗಿ 1864ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ ಸತ್ತಳು. ನಿನಗೆ ಏನು ಬೇಕಮ್ಮ ಎಂದು ಕೇಳಿದವರು ಯಾರಾದರೂ ಇದ್ದರೋ ಇಲ್ಲವೋ.

ಈಗಲೂ ಕೇಳುವುದಿಲ್ಲ. 2022ರಲ್ಲಿ ನಮ್ಮ ರಾಜ್ಯ ತಂದ ಮತಾಂತರ ಕಾನೂನನ್ನು ಓದಿ. ಬಲವಂತ, ಆಮಿಷದಿಂದ ಮತಾಂತರ ಮಾಡಿದವರಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಶಿಕ್ಷೆ. ಮತಾಂತರ ಆದವರು ಅಪ್ರಾಪ್ತರು, ಬುದ್ಧಿಮಾಂದ್ಯರು, ಪರಿಶಿಷ್ಟರು ಅಥವಾ ಹೆಂಗಸರು ಆಗಿದ್ದರೆ ಹತ್ತು ವರ್ಷದವರೆಗೆ. ಮಕ್ಕಳ ಸಾಲಿನಲ್ಲಿ ನಾವು! ಓಟು ಹಾಕಬಹುದು, ಪಂಚಾಯಿತಿ ಅಧ್ಯಕ್ಷೆ ಆಗಬಹುದು, ದೇವರನ್ನು ಆರಿಸಿಕೊಳ್ಳುವಷ್ಟು ಬುದ್ಧಿ ಮಾತ್ರ ಇಲ್ಲ. ಅದನ್ನು ಹಿಂಪಡೆಯುವ ತೀರ್ಮಾನವನ್ನು ಸಂಪುಟ 2023ರ ಜೂನ್‌ನಲ್ಲಿ ಮಾಡಿತು. ಆಗ ಬೇಕು ಅಂದವರೂ ಬೇಡ ಅಂದವರೂ ಈ ಒಂದು ಸಾಲಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ನಾನು ಹೇಳಬೇಕೆಂದು ಹೊರಟಿದ್ದು ಮುಖ್ಯವಾಗಿ ಇದು. ನಾನು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ, ಮೀಸಲು ಸೀಟಿನಿಂದ. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇಕಡಾ 25 ಮೀಸಲಾತಿ ಇತ್ತು, 2010ರಲ್ಲಿ ಅದು ಅರ್ಧಕ್ಕೆ ಬಂತು. ಮೊದಮೊದಲು ಗಂಡಂದಿರು ಸಭೆಗೆ ಬಂದು ನಮ್ಮ ಪರವಾಗಿ ಮಾತಾಡುತ್ತಿದ್ದರು, ನಿಜ. ಆಮೇಲೆ ನಾವೇ ಕಲಿತೆವು. ಕುಡಿಯುವ ನೀರಿನ ಪೈಪು ಯಾವ ಕಾಲನಿಗೆ ಮೊದಲು ಎಂದು ಜಗಳ ಆಡಿ ಗೆದ್ದಿದ್ದೇವೆ, ತೋಟದ ಕೂಲಿಯವರ ಲೈನ್ ಮನೆಗಳಿಗೆ ಶೌಚಾಲಯ ಕೇಳಿದ್ದೇವೆ. ಆ ಸಭೆಯಲ್ಲಿ ಪಣಿಯರವ ಬುಡಕಟ್ಟಿನ ಹೆಂಗಸೂ, ಮುಸ್ಲಿಂ ಹೆಂಗಸೂ, ನಾನೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಅಲ್ಲಿಂದ ಎದ್ದು ಅವರವರ ದೇವಸ್ಥಾನಕ್ಕೆ, ಮಸೀದಿಯ ಜಮಾಅತ್‌ಗೆ, ಸಮಾಜದ ಸಭೆಗೆ ಹೋದರೆ ನಮ್ಮ ಜಾಗ ಅಡುಗೆ ಮನೆಯಲ್ಲಿ, ಇಲ್ಲವೇ ಕಳಸ ಹಿಡಿದು ಸಾಲಾಗಿ ನಿಲ್ಲುವಲ್ಲಿ. ಊರ ರಸ್ತೆಗೆ ಹಣ ಎಷ್ಟು ಎಂದು ತೀರ್ಮಾನಿಸಿದವಳು ಊರ ಹಬ್ಬಕ್ಕೆ ಹಣ ಎಷ್ಟು ಎಂದು ಬಾಯಿ ಬಿಡುವ ಹಾಗಿಲ್ಲ.

ಮುಜರಾಯಿ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಯ ಒಂಬತ್ತು ಜನರಲ್ಲಿ ಇಬ್ಬರು ಹೆಂಗಸರು ಇರಬೇಕು ಎಂದು ಕಾನೂನಿನಲ್ಲೇ ಇದೆ. ಅವರಿಬ್ಬರಿಗೆ ಸಭೆಯ ನೋಟಿಸು ಸಿಗುತ್ತದಾ, ಅಥವಾ ಸಹಿಗೆ ಪುಸ್ತಕ ಮನೆಗೆ ಬರುತ್ತದಾ ಎಂದು ನಿಮ್ಮ ವರದಿಗಾರರು ವಿಚಾರಿಸಲಿ. ರಾಜ್ಯದ ವಕ್ಫ್ ಮಂಡಳಿಯಲ್ಲೂ ಕನಿಷ್ಠ ಇಬ್ಬರು ಮಹಿಳೆಯರು ಬೇಕು ಎಂದು 2013ರಲ್ಲಿ ಕಾನೂನು ಬಂತು. ಊರಿನ ಜಮಾಅತ್ ಸಮಿತಿಯಲ್ಲಿ ತಲಾಖ್‌ನ ಪಂಚಾಯಿತಿ ನಡೆಯುವಾಗ ಹೆಂಡತಿಯ ಪರವಾಗಿ ಒಬ್ಬ ಹೆಂಗಸು ಕೂತಿದ್ದನ್ನು ನಾನಂತೂ ಕಂಡಿಲ್ಲ. ಚರ್ಚುಗಳಲ್ಲಿ ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐನವರು 2013ರಲ್ಲಿ ನಂದ್ಯಾಲದಲ್ಲಿ ಒಬ್ಬ ಮಹಿಳೆಯನ್ನು ಬಿಷಪ್ ಮಾಡಿದರು, ಕ್ಯಾಥೊಲಿಕರಲ್ಲಿ ಇವತ್ತಿಗೂ ಹೆಣ್ಣು ಪಾದ್ರಿ ಆಗುವ ಹಾಗಿಲ್ಲ. ಬದಲಾಗುವುದೇ ಇಲ್ಲ ಅನ್ನಬೇಡಿ. ಕುಶಾಲನಗರದ ಪಕ್ಕದ ಬೈಲಕುಪ್ಪೆಗೆ ನಾವೆಲ್ಲ ನೆಂಟರನ್ನು ಕರೆದುಕೊಂಡು ಹೋಗುತ್ತೇವೆ. ಆ ಟಿಬೆಟನ್ ಬೌದ್ಧರಲ್ಲಿ ಗೆಶೆ ಎಂಬ ದೊಡ್ಡ ಪದವಿ ಶತಮಾನಗಳ ಕಾಲ ಸನ್ಯಾಸಿಗಳಿಗೆ ಮಾತ್ರ ಇತ್ತು. 2016ರ ಡಿಸೆಂಬರ್‌ನಲ್ಲಿ ನಮ್ಮದೇ ಮುಂಡಗೋಡಿನಲ್ಲಿ ಇಪ್ಪತ್ತು ಸನ್ಯಾಸಿನಿಯರಿಗೆ ಅದನ್ನು ಕೊಟ್ಟರು. ಧರ್ಮ ಮುಳುಗಲಿಲ್ಲ.

ಹಾಗಾಗಿ ಯಾರ ಧರ್ಮದಲ್ಲಿ ಹೆಣ್ಣಿಗೆ ಗೌರವ ಜಾಸ್ತಿ ಎಂದು ಪತ್ರ ಬರೆಯುವವರು ಮೊದಲು ತಮ್ಮ ಊರಿನ ಸಮಿತಿಯ ಪಟ್ಟಿ ಕಳುಹಿಸಲಿ, ದೇವಸ್ಥಾನವೋ ಮಸೀದಿಯೋ ಚರ್ಚೋ ಜಾತಿ ಸಮಾಜವೋ ಯಾವುದಾದರೂ ಸರಿ. ಅದರಲ್ಲಿ ಹೆಂಗಸರ ಹೆಸರು ಎಷ್ಟಿದೆ, ಅವರಲ್ಲಿ ಹಣದ ಲೆಕ್ಕ ಯಾರ ಕೈಯಲ್ಲಿದೆ ಎಂದು ನೀವು ಅಚ್ಚು ಹಾಕಿ.

ಇನ್ನೊಂದು, ಈ ವಿಷಯಕ್ಕೆ ಅಭಿಪ್ರಾಯ ಕೇಳಲು ನಿಮ್ಮವರು ನಮ್ಮ ಕಡೆ ಬಂದರೆ ಸಮಾಜದ ಅಧ್ಯಕ್ಷರ ಮನೆಗೇ ಹೋಗಬೇಕು ಅಂತಿಲ್ಲ. ಡಿಸೆಂಬರ್ ಕಳೆದ ಮೇಲೆ ಕಾಫಿ ಕುಯ್ಲು ಜೋರಾಗಿರುತ್ತದೆ, ಎಲ್ಲಾ ಧರ್ಮದ ಹೆಂಗಸರೂ ಒಂದೇ ತೋಟದಲ್ಲಿ ಸಿಗುತ್ತಾರೆ. ಸಂಜೆ ಕಾಫಿ ತೂಕಕ್ಕೆ ಹಾಕುವ ಹೊತ್ತಿಗೆ ಬನ್ನಿ, ಅದಕ್ಕಿಂತ ಮುಂಚೆ ಬಂದರೆ ಯಾರೂ ಮಾತಾಡುವುದಿಲ್ಲ, ಕೂಲಿ ಕಮ್ಮಿಯಾಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗಿ,
ನಾಪೋಕ್ಲು ಹತ್ತಿರ, ಕೊಡಗು